‘ಅವರು ಹೊಡೆಯುವ ಮೊದಲೇ...’

“ಅವರು ನಮ್ಮನ್ನು ಹೊಡೆಯಲು ಸಿದ್ಧರಾಗುತ್ತಿದ್ದಾರೆ. ಅದಕ್ಕಿಂತ ಮೊದಲೇ ನಾವು ಹೊಡೆದು ಬಿಡಬೇಕು.” ಜಗತ್ತಿನ ಎಷ್ಟೋ ಯುದ್ಧಗಳ ಹಿಂದೆ ಈ ಒಂದು ಮಾತಿದೆ. ಊರಿನ ಜಗಳಗಳ ಹಿಂದೆಯೂ ಇದೆ. ಅಷ್ಟೇಕೆ, ಅಕ್ಕಪಕ್ಕದ ಮನೆಗಳ ಮನಸ್ತಾಪದಲ್ಲಿಯೂ ಇದರ ನೆರಳು ಕಾಣಸಿಗುತ್ತದೆ. ಈ ಮಾತು ಆಡುವವರೆಲ್ಲ ದುಷ್ಟರೇ? ಖಂಡಿತ ಅಲ್ಲ. ಹೆಚ್ಚಿನವರು ಹೆದರಿದವರು.

ಇತ್ತೀಚೆಗೆ ರಜೆಯಲ್ಲಿ ಮನೆಯ ಮಕ್ಕಳೊಂದಿಗೆ ಹಳೆಯದೊಂದು ಇಂಗ್ಲಿಷ್ ಧಾರಾವಾಹಿಯ ಕಂತನ್ನು ಎರಡನೇ ಬಾರಿ ನೋಡಿದೆ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಎಂಬ ಈ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ 1987ರಿಂದ 1994ರವರೆಗೆ ಅಮೆರಿಕದಲ್ಲಿ ಪ್ರಸಾರವಾಯಿತು. ಅದರ ಕೊನೆಯ ಕಥೆಗೆ ಮುಂಚಿನ ಕಂತಿನ ಹೆಸರು ‘ಪ್ರಿಎಂಪ್ಟಿವ್ ಸ್ಟ್ರೈಕ್’. ಅಂದರೆ, ವೈರಿ ಹೊಡೆಯುವ ಮೊದಲೇ ನಡೆಸುವ ದಾಳಿ.

ಬಾಹ್ಯಾಕಾಶದ ಒಂದು ನಿರಾಶ್ರಿತೆ

ಕಥೆ ಹೀಗಿದೆ. ಎರಡು ದೊಡ್ಡ ಶಕ್ತಿಗಳು ಒಪ್ಪಂದ ಮಾಡಿಕೊಂಡು ಗಡಿ ಗೆರೆಯನ್ನು ಹೊಸದಾಗಿ ಎಳೆಯುತ್ತವೆ. ಕೆಲವು ಜನವಸತಿಗಳು ಶತ್ರುಗಳಾದ ಕಾರ್ಡಾಸಿಯನ್ನರ ಪಾಲಾಗುತ್ತವೆ. ಮನೆ ಬಿಡಲೊಪ್ಪದ ಜನರು ಆಯುಧ ಹಿಡಿದು ‘ಮಾಕಿ’ ಎಂಬ ಗುಂಪು ಕಟ್ಟುತ್ತಾರೆ. ಅವರೊಳಗೆ ಸೇರಿ ಗುಟ್ಟು ತರಲು ರೋ ಲಾರೆನ್ ಎಂಬ ಯುವ ಅಧಿಕಾರಿಣಿಯನ್ನು ಸೇನೆ ಕಳುಹಿಸುತ್ತದೆ. ಈಕೆ ಸ್ವತಃ ನಿರಾಶ್ರಿತರ ಶಿಬಿರದಲ್ಲಿ ಬೆಳೆದವಳು. ಬಾಲ್ಯದಲ್ಲಿ ತಂದೆಯನ್ನು ಕಾರ್ಡಾಸಿಯನ್ನರ ಹಿಂಸೆಯಲ್ಲಿ ಕಳೆದುಕೊಂಡವಳು.

ಕಾರ್ಡಾಸಿಯನ್ನರು ಜೈವಿಕ ಅಸ್ತ್ರ ತಯಾರಿಸುತ್ತಿದ್ದಾರೆಂಬ ಗುಮಾನಿ ಮಾಕಿಗಳಲ್ಲಿತ್ತು. ಸೇನೆ ಆ ಭಯವನ್ನೇ ಬಲೆಯನ್ನಾಗಿ ಮಾಡುತ್ತದೆ. ಅಸ್ತ್ರದ ಸಾಮಗ್ರಿ ಹೊತ್ತ ನೌಕೆಗಳು ಬರುತ್ತಿವೆ ಎಂದು ನಂಬಿಸುವುದು, ದಾಳಿಗೆ ಬಂದವರನ್ನು ಅಡಗಿ ಕುಳಿತು ಹಿಡಿಯುವುದು, ಇದು ಯೋಜನೆ. ಅಷ್ಟರಲ್ಲಿ ಮಗಳಂತೆ ರೋಳನ್ನು ನೋಡಿಕೊಂಡಿದ್ದ ಮಾಸಿಯಾಸ್ ಎಂಬ ಹಿರಿಯ ಒಂದು ದಾಳಿಯಲ್ಲಿ ಸಾಯುತ್ತಾನೆ. ಕೊನೆಗೆ ರೋ ಅಡಗಿದ್ದ ಸೇನೆಯನ್ನು ಬಯಲು ಮಾಡಿ ಮಾಕಿಗಳೊಂದಿಗೆ ಹೊರಟು ಹೋಗುತ್ತಾಳೆ. ಅವಳನ್ನು ನಂಬಿದ್ದ ನಾಯಕ ಪಿಕಾರ್ಡ್ ಮಾತಿಲ್ಲದೆ ಕುಳಿತಿರುವುದೇ ಕೊನೆಯ ದೃಶ್ಯ.

ಮೊದಲ ಬಾರಿ ನೋಡಿದಾಗ ರೋ ಮಾಡಿದ್ದು ಸರಿಯೇ ತಪ್ಪೇ ಎಂಬುದೇ ತಲೆಯಲ್ಲಿತ್ತು. ಈ ಬಾರಿ ಬೇರೊಂದು ಪ್ರಶ್ನೆ ಕಾಡಿತು. ಆ ನೌಕೆಗಳಲ್ಲಿ ಅಸ್ತ್ರವೇ ಇರಲಿಲ್ಲ. ಇಲ್ಲದ ಅಸ್ತ್ರಕ್ಕಾಗಿ ಅಷ್ಟು ಜನರು ಪ್ರಾಣ ಕೊಡಲು ಹೊರಟಿದ್ದರು. ಹೆದರಿದವರಿಗೆ ಸುಳ್ಳನ್ನು ಮಾರುವುದು ಎಷ್ಟು ಸುಲಭ!

ನಮ್ಮ ತಾಲೂಕಿನ ಮಣ್ಣಿನಲ್ಲಿ

ಬೈಲಕುಪ್ಪೆಯಲ್ಲಿರುವವರಿಗೆ ನಿರಾಶ್ರಿತರ ಕಥೆ ದೂರದ್ದಲ್ಲ. 1960ರಲ್ಲಿ ಅಂದಿನ ಮೈಸೂರು ಸರಕಾರ ಕೊಟ್ಟ ಜಾಗದಲ್ಲಿ ಟಿಬೆಟಿಯನ್ನರು ಕಾಡು ಕಡಿದು ಜೋಳ ಬೆಳೆದು ಬದುಕು ಕಟ್ಟಿಕೊಂಡರು. ಅವರಲ್ಲೂ ಆಯುಧ ಹಿಡಿದವರಿದ್ದರು. ನೇಪಾಳದ ಮುಸ್ತಾಂಗ್‌ನಿಂದ ಹೋರಾಡುತ್ತಿದ್ದ ಟಿಬೆಟಿಯನ್ ಗೆರಿಲ್ಲಾಗಳಿಗೆ 1974ರಲ್ಲಿ ದಲೈ ಲಾಮಾರು ಧ್ವನಿಮುದ್ರಿತ ಸಂದೇಶ ಕಳುಹಿಸಿ ಆಯುಧ ಕೆಳಗಿಡಲು ಹೇಳಿದರು. ರೋಳ ಮುಂದಿದ್ದ ಕವಲುದಾರಿ ನಮ್ಮ ನೆರೆಹೊರೆಯವರ ಹಿರಿಯರ ಮುಂದೆಯೂ ಇತ್ತು.

ಅದಕ್ಕೂ ಹಿಂದೆ ಹೋಗೋಣ. 1797ರಲ್ಲಿ ಟಿಪ್ಪು ಸುಲ್ತಾನರು ಫ್ರೆಂಚರ ನೆರವು ಕೋರಿ ಮಾರಿಷಸ್‌ಗೆ ದೂತರನ್ನು ಕಳುಹಿಸಿದ್ದರು. ಅಲ್ಲಿಯ ಗವರ್ನರ್ ಮಲಾರ್ಟಿಕ್ ಇದನ್ನು ಗುಟ್ಟಾಗಿಡದೆ ಘೋಷಣೆ ಹೊರಡಿಸಿಬಿಟ್ಟ. ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರು ಮಂದಿಯೂ ಇರಲಿಲ್ಲ. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟು ಸಾಕಾಯಿತು. ಆಗಸ್ಟ್ 1798ರಲ್ಲಿ ಫ್ರೆಂಚ್ ನೌಕಾಪಡೆ ಈಜಿಪ್ಟಿನ ನೈಲ್ ಕದನದಲ್ಲಿ ನಾಶವಾಯಿತು. ಭಯದ ದೊಡ್ಡ ಕಾರಣ ದೂರವಾದರೂ ಯುದ್ಧದ ಸಿದ್ಧತೆ ನಿಲ್ಲಲಿಲ್ಲ.

ಎರಡು ಕಡೆಯಿಂದ ಸೇನೆಗಳು ಬಂದವು. ಕೊಡಗಿನ ಮಾರ್ಗವಾಗಿ ಬರುತ್ತಿದ್ದ ಬಾಂಬೆ ಸೇನೆ ದೊಡ್ಡ ಸೇನೆಯನ್ನು ಕೂಡಿಕೊಳ್ಳುವ ಮೊದಲೇ ಅದನ್ನು ಮುರಿಯಬೇಕೆಂದು ಟಿಪ್ಪು ಪಿರಿಯಾಪಟ್ಟಣದ ಬಳಿ ಬಿಡಾರ ಹೂಡಿದರು. ಮಾರ್ಚ್ 6, 1799ರಂದು, ಬ್ರಿಟಿಷ್ ದಾಖಲೆಗಳು ಸೀದಸೀರ್ ಎಂದು ಕರೆಯುವ ಬೆಟ್ಟದಲ್ಲಿ ಗಂಟೆಗಟ್ಟಲೆ ಕಾಳಗ ನಡೆಯಿತು. ದಾಳಿ ಫಲಿಸಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹುತಾತ್ಮರಾದರು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಮನೆಯಂಗಳಕ್ಕೆ ಬಂದ ಸೇನೆಯನ್ನು ತಡೆಯುವುದು ಬೇರೆ, ಮುಂದೊಂದು ದಿನ ಬರಬಹುದೆಂಬ ಶಂಕೆಯಿಂದ ಇನ್ನೊಬ್ಬನ ಮನೆಗೆ ನುಗ್ಗುವುದು ಬೇರೆ. ಟಿಪ್ಪು ಮೊದಲಿನದನ್ನು ಮಾಡಿದರು, ವೆಲ್ಲೆಸ್ಲಿ ಎರಡನೆಯದನ್ನು. 2003ರಲ್ಲಿ ಇರಾಕಿನ ವಿಷಯದಲ್ಲಿ ನಡೆದದ್ದೂ ಎರಡನೆಯದೇ. ಫೆಬ್ರವರಿ 5ರಂದು ಅಮೆರಿಕದ ವಿದೇಶ ಕಾರ್ಯದರ್ಶಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ‘ಪುರಾವೆ’ ಮುಂದಿಟ್ಟರು. ಮಾರ್ಚ್ 20ರಂದು ಯುದ್ಧ ಆರಂಭವಾಯಿತು. ಅಮೆರಿಕವೇ ನೇಮಿಸಿದ ತನಿಖಾ ತಂಡ 2004ರಲ್ಲಿ ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ಕೊಟ್ಟಿತು. ಆ ವರದಿಯಿಂದ ಯಾವ ತಾಯಿಗೆ ಮಗ ಮರಳಿ ಸಿಕ್ಕಿದ?

ನಮ್ಮ ಕೈಯಲ್ಲಿರುವ ಅಸ್ತ್ರ

ಇದೆಲ್ಲ ರಾಜರ, ಅಧ್ಯಕ್ಷರ ಮಾತಾಯಿತು, ನಮಗೇನು ಸಂಬಂಧ ಎಂದು ಸಹೋದರಿಯರು ಕೇಳಬಹುದು. ಜುಲೈ 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಜನ ದಾರಿ ಅಡ್ಡಗಟ್ಟಿ ಹೊಡೆದರು. ಓರ್ವ ಯುವ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣ ಬಿಟ್ಟ. ಆ ಗುಂಪಿನಲ್ಲಿ ಮಕ್ಕಳ ಮೇಲಿನ ಮಮತೆಯಿಂದ ಓಡಿ ಬಂದವರೂ ಇದ್ದಿರಬೇಕಲ್ಲವೇ? ‘ಅವರು ಒಯ್ಯುವ ಮೊದಲೇ’ ಎಂಬ ಭಯ ಒಬ್ಬ ತಾಯಿಯ ಮಗನನ್ನು ತಿಂದುಹಾಕಿತು.

ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕೆಂಬ ಸೂರಃ ಹುಜುರಾತ್‌ನ ಶಿಕ್ಷಣ ನಮಗೆ ಹೊಸದಲ್ಲ. ಆದರೆ ಮೊಬೈಲ್ ಕೈಗೆ ಬಂದಾಗ ಅದು ನೆನಪಿರುತ್ತದೆಯೇ? ಭಯ ಹುಟ್ಟಿಸುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕಣ್ಣಾರೆ ಕಂಡವರು ಯಾರು? ಇದನ್ನು ನಾನು ನಂಬಿದರೆ ಯಾರಿಗೆ ಲಾಭ? ಇದು ಸುಳ್ಳಾಗಿದ್ದರೆ ಪೆಟ್ಟು ಬೀಳುವುದು ಯಾರಿಗೆ? ನಾದಿನಿಯ ಬಗ್ಗೆ, ನೆರೆಮನೆಯವರ ಬಗ್ಗೆ ಯಾರೋ ಬಂದು ಕಿವಿಯಲ್ಲಿ ಹೇಳಿದಾಗಲೂ ಇದೇ ಪ್ರಶ್ನೆಗಳು ಸಾಕು.

ಎಚ್ಚರಿಕೆ ಬೇಡವೆಂದಲ್ಲ. ಬಾಗಿಲಿಗೆ ಚಿಲಕ ಹಾಕಿಕೊಳ್ಳಿ, ಮಕ್ಕಳ ಮೇಲೆ ನಿಗಾ ಇಡಿ, ಸಂಶಯವಿದ್ದರೆ ಪೊಲೀಸರಿಗೆ ತಿಳಿಸಿ. ಕಂತು ಮುಗಿದಾಗ ಮಗುವೊಂದು ಕೇಳಿತು: “ಅವರು ಮೊದಲು ಆ ಹಡಗಿನೊಳಗೆ ಏನಿದೆ ಅಂತ ನೋಡಬಹುದಿತ್ತಲ್ಲ?” ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವ ಮಕ್ಕಳು ಬೆಳೆಯಲಿ. ಅದನ್ನು ಗದರಿಸಿ ಸುಮ್ಮನಾಗಿಸದ ತಾಯಂದಿರು ಹೆಚ್ಚಲಿ.