ರೈನ್ ಕಣಿವೆಯ ದ್ರಾಕ್ಷಾವನಗಳ ನಡುವೆ

ಫ್ರಾಂಕ್‌ಫರ್ಟಿನ ಕಡೆ ಉದ್ಯೋಗದಲ್ಲಿರುವ ಮಕ್ಕಳನ್ನು ಕಂಡುಬರಲೆಂದು ಕಲಬುರಗಿಯ ಶಹಾಬಜಾರದಂತಹ ಹಳೆಯ ಬಡಾವಣೆಗಳಿಂದ ಹೊರಡುವ ವೃದ್ಧ ದಂಪತಿಗಳಿಗೆ, ಮೆಟ್ಟಿಲು ಹತ್ತುವ ಶಕ್ತಿ ಕುಂದಿದ್ದರೂ ನೋಡುವ ಆಸೆ ಕುಂದದ ಆ ವಯಸ್ಸಿನಲ್ಲಿ, ಜರ್ಮನಿಯಲ್ಲಿ ತಕ್ಕುದಾದ ಸ್ಥಳ ಯಾವುದೆಂದು ಕೇಳಿದರೆ, ಬಿಂಗೆನ್ನಿನಿಂದ ಕೊಬ್ಲೆಂಜಿನವರೆಗೆ ಸುಮಾರು 65 ಕಿಲೋಮೀಟರು ಹಬ್ಬಿರುವ ರೈನ್ ನದಿಯ ಕಣಿವೆಯೆಂದು ಸಂಕೋಚವಿಲ್ಲದೆ ಹೇಳಬಹುದು. 2002ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಈ ಕಣಿವೆಯಲ್ಲಿ ಯಾತ್ರಿಕನು ಹಡಗಿನ ಮೇಲಟ್ಟದಲ್ಲಿ ಸುಮ್ಮನೆ ಕುಳಿತಿದ್ದರಾಯಿತು. ಊರುಗಳೂ ಕೋಟೆಗಳೂ ತಾವೇ ಅವನೆದುರಿಗೆ ಬಂದು ಹೋಗುತ್ತವೆ. “ಮೊಣಕಾಲಿಗಿ ತ್ರಾಸಿಲ್ಲದ ಯಾತ್ರಾ ಅಂದ್ರ ಇದೇ ನೋಡ್ರಿ” ಎಂದು ನನ್ನ ಮನೆಯಾಕೆ ಕೊಟ್ಟ ತೀರ್ಪಿಗೆ ನಾನು ಸೇರಿಸತಕ್ಕದ್ದೇನೂ ಇಲ್ಲ.

ಗಾಣಗಾಪುರದಲ್ಲಿ ಭೀಮಾ-ಅಮರಜಾ ಸಂಗಮದಲ್ಲಿ ಮುಳುಗೆದ್ದು ಬರುವುದಷ್ಟೇ ನದಿಯೊಡನೆ ವ್ಯವಹಾರವೆಂದು ತಿಳಿದಿದ್ದ ನಮಗೆ, ನದಿಯೇ ಹೆದ್ದಾರಿಯಾಗಿರುವ ದೃಶ್ಯ ಹೊಸದು. 1827ರಿಂದಲೇ ಇಲ್ಲಿ ಹಬೆಯ ಹಡಗುಗಳು ಗೊತ್ತಾದ ವೇಳೆಗೆ ಸಂಚರಿಸತೊಡಗಿದವಂತೆ. ದಂಡೆಯುದ್ದಕ್ಕೂ ಕಾನ್‌ಸ್ಟಾಂಜ್ ನಗರದಿಂದ ಎಣಿಸಿದ ಕಿಲೋಮೀಟರುಗಳ ಫಲಕಗಳಿವೆ. ಲೋರೆಲೈ ಬಂಡೆಯ ಬಳಿ 554 ಎಂದಿರುತ್ತದೆ. ನಾವಿಕರನ್ನು ಹಾಡಿನಿಂದ ಮರುಳುಗೊಳಿಸಿ ಮುಳುಗಿಸುತ್ತಿದ್ದ ಸುಂದರಿಯ ಕಥೆಗೆ ಆಸ್ಪದವಾದ ಆ ಬಂಡೆಯನ್ನು ಕಂಡು ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಾರೆ. ನನಗೆ ಅದು ಸಾಧಾರಣವೆನಿಸಿತು. ಕೌಬ್ ಊರಿನೆದುರು ನಡುನೀರಿನಲ್ಲಿ ನಿಂತ ಪುಟ್ಟ ಬಿಳಿಯ ಕೋಟೆಯಾದರೋ, ಹದಿನಾಲ್ಕನೆಯ ಶತಮಾನದಲ್ಲಿ ಹಾದುಹೋಗುವ ದೋಣಿಗಳಿಂದ ಸುಂಕ ವಸೂಲಿಗೆಂದೇ ಕಟ್ಟಿದ್ದಾದ್ದರಿಂದ, ಸುಂಕದ ಕಟ್ಟೆಗಳ ಕಷ್ಟಸುಖವನ್ನು ಬಲ್ಲವರಿಗೆ ಹೆಚ್ಚು ರುಚಿಸುತ್ತದೆ.

ಆದರೆ ಈ ಕಣಿವೆಯ ನಿಜವಾದ ವಿಸ್ಮಯವಿರುವುದು ಇಳಿಜಾರುಗಳಲ್ಲಿ. ಐವತ್ತು ಡಿಗ್ರಿ ಉತ್ತರ ಅಕ್ಷಾಂಶದ ಚಳಿಯಲ್ಲಿ ದ್ರಾಕ್ಷಿ ಮಾಗುವುದೆಂದರೆ ಹೇಗೆ? ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಪಾಟಿಯ ಜಾತಿಯ ಕಪ್ಪು ಪದರುಗಲ್ಲು ಹಗಲಿನ ಬಿಸಿಲನ್ನು ಹೀರಿ ಇರುಳಿನಲ್ಲಿ ಬಳ್ಳಿಗೆ ಮರಳಿ ಕೊಡುವುದು. ಕಡಿದಾದ ಮೈ ಸೂರ್ಯನಿಗೆ ನೇರ ಮುಖವೊಡ್ಡುವುದು. ಕೆಳಗಿನ ನೀರು ಚಳಿಯ ಮೊನೆಯನ್ನು ಮುರಿಯುವುದು. ಕಮಲಾಪುರದ ಕೆಂಪು ಬಾಳೆಗೆ ಅದರ ಮಣ್ಣು ಹೇಗೋ, ಇಲ್ಲಿಯ ರೀಸ್ಲಿಂಗ್ ದ್ರಾಕ್ಷಿಗೆ ಈ ಕಲ್ಲು ಹಾಗೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ತಲೆಮಾರುಗಳು ಕಟ್ಟಿದ ಸೋಪಾನಗಳ ಮೇಲೆ ಯಂತ್ರಗಳು ಸುಲಭವಾಗಿ ಏರಲಾರವು. ಕೊಯ್ಲು ಬಹುಮಟ್ಟಿಗೆ ಕೈಯಿಂದಲೇ. ಆದುದರಿಂದಲೇ, ಹಸುರು ಸಾಲುಗಳ ಮಧ್ಯೆ ಮುಳ್ಳುಪೊದೆ ಬೆಳೆದು ಕಾಡಾಗುತ್ತಿರುವ ತುಂಡುಗಳು ಅಲ್ಲಲ್ಲಿ ಕಾಣುತ್ತವೆ: ದುಡಿಮೆಗೆ ತಕ್ಕ ಆದಾಯವಿಲ್ಲ, ಮುದುಕರಾದವರು ಏರಲಾರರು, ಮಕ್ಕಳು ನಗರ ಸೇರಿದ್ದಾರೆ. ಅಲ್ಲಿಯವರೆಗೆ ಹರಟುತ್ತಿದ್ದ ನಾವಿಬ್ಬರೂ ಆ ಪಾಳುಬಿದ್ದ ತುಂಡುಗಳೆದುರು ಮಾತನಾಡಲಿಲ್ಲ. ನಮ್ಮನ್ನು ಹಡಗು ಹತ್ತಿಸಿದವನೂ ಮಗನೇ.

ಮದ್ಯವನ್ನು ಮುಟ್ಟದವರಿಗೆ ಹಡಗಿನಲ್ಲಿ ದ್ರಾಕ್ಷಿಯ ಹಣ್ಣಿನ ರಸ ಸಿಗುತ್ತದೆ. ವೈದ್ಯರು ಕೊಟ್ಟ ದ್ರಾಕ್ಷಾಸವವನ್ನೇ ಬಲ್ಲ ನಾಲಗೆಗೆ ಅಷ್ಟು ಸಾಕು.

ಹೊರಡುವವರು ಏಪ್ರಿಲಿನಿಂದ ಅಕ್ಟೋಬರಿನೊಳಗೆ ಹೋಗತಕ್ಕದ್ದು. ಕೊಯ್ಲು ಕಾಣಬೇಕಾದವರಿಗೆ ಕಡೆಯ ತಿಂಗಳೇ ಉತ್ತಮ. ಮಳೆ ತಪ್ಪಿದ ವರ್ಷ ಮಾತ್ರ ವಿಚಾರಿಸಿಕೊಂಡೇ ಹೊರಡಬೇಕು. 2018ರ ಅಕ್ಟೋಬರಿನಲ್ಲಿ ಕೌಬಿನ ನೀರಿನ ಮಟ್ಟದ ಮಾಪಕವು 25 ಸೆಂಟಿಮೀಟರಿಗೆ ಇಳಿದು ನೌಕಾಸಂಚಾರಕ್ಕೆ ಬಹಳ ಅಡಚಣೆಯಾಯಿತು. ಮರಳಲು ಸಾಂಕ್ಟ್ ಗೋಆರ್ ಊರಿನಲ್ಲಿ ಇಳಿದರೆ ರೈಲು ಅರ್ಧ ಗಂಟೆಯೊಳಗಾಗಿ ಬಿಂಗೆನ್ನಿಗೆ ಮುಟ್ಟಿಸುತ್ತದೆ. ಪ್ರವಾಹಕ್ಕೆ ಎದುರಾಗಿ ಬರುವ ಹಡಗಿಗೆ ಅದಕ್ಕಿಂತ ಬಹಳ ಹೊತ್ತು ಬೇಕು. ಆದರೂ ನಾವು ಹಡಗಿಗೇ ಕಾದೆವು.