ನದಿಯ ಕೈಗೆ ಸಿಗದ ಹಾಗೆ

ಇಳಿತದ ಹೊತ್ತಿನಲ್ಲಿ ಪಾಲ್ ಎಂಬ ಹಳ್ಳಿಯ ದಂಡೆಯಲ್ಲಿ ನಿಂತವರಿಗೆ ಹಂಬರ್ ನದಿ ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಎರಡಕ್ಕೂ ಒಂದೇ ಕಂದು ಬಣ್ಣ. ದಂಡೆಯ ಮೇಲೆ 1836ರಲ್ಲಿ ಕಟ್ಟಿದ, ಈಗ ಕೆಲಸ ಬಿಟ್ಟಿರುವ ಪುಟ್ಟ ಬಿಳಿ ದೀಪಸ್ತಂಭ. ಕೆಸರಿನ ಮೇಲೆ ಕೊಕ್ಕು ಚುಚ್ಚುತ್ತಾ ಓಡಾಡುವ ಗೊರವಗಳು. ಆಚೆ ದಡ ಮಂಜಿನಲ್ಲಿ ಎಳೆದ ಒಂದು ಗೀಟು, ಅಷ್ಟೆ. ಅಲ್ಲಿರುವುದು ಗಾಕ್ಸ್‌ಹಿಲ್, ಲಿಂಕನ್‌ಶೈರಿನ ಹೊಲಗಳ ಊರು. ನಡುವೆ ಕಿಲೋಮೀಟರುಗಟ್ಟಲೆ ನೀರು.

ಔಸ್ ಮತ್ತು ಟ್ರೆಂಟ್ ನದಿಗಳು ಕೂಡಿ ಹಂಬರ್ ಎನಿಸಿಕೊಂಡು ಇಂಗ್ಲೆಂಡಿನ ಪೂರ್ವಕ್ಕೆ ಸಮುದ್ರ ಸೇರುವ ಅಳಿವೆ ಇದು. ಆ ದೇಶದ ಐದನೇ ಒಂದು ಪಾಲು ನೆಲದ ನೀರು ಹರಿದು ಬರುವುದು ಇಲ್ಲಿಗೇ. ದೊಡ್ಡ ಉಬ್ಬರದ ದಿನ ನೀರು ಆರು ಮೀಟರಿಗೂ ಮೇಲೆ ಏರಿ ಇಳಿಯುತ್ತದೆ. ದಿನಕ್ಕೆರಡು ಸಲ ಹೀಗೆ ಒಳಕ್ಕೆ ನುಗ್ಗಿ ಹೊರಕ್ಕೆ ಓಡುವ ನೀರು ಬರಿಗೈಯಲ್ಲಿ ಓಡಾಡುವುದಿಲ್ಲ. ಇಲ್ಲಿಯ ಹೂಳನ್ನು ಅಲ್ಲಿಗೆ ಹಾಕುತ್ತದೆ, ಅಲ್ಲಿಯ ಮರಳುದಿಬ್ಬವನ್ನು ಇನ್ನೆಲ್ಲಿಗೋ ಸರಿಸುತ್ತದೆ. ಹಡಗು ನಡೆಸುವವರಿಗಾಗಿ ತಳವನ್ನು ಮತ್ತೆ ಮತ್ತೆ ಅಳೆದು ನಕಾಶೆ ತಿದ್ದುತ್ತಲೇ ಇರಬೇಕು.

ಇಂಥ ತಳವನ್ನು ನೆಲವೆಂದು ನಂಬಿ 1980ರ ದಶಕದಲ್ಲಿ ಅದರಲ್ಲೊಂದು ಕಾಲುವೆ ತೋಡಿದರು. ನೈಸರ್ಗಿಕ ಅನಿಲದ ಕೊಳವೆಯನ್ನು ಅದರಲ್ಲಿಟ್ಟು ಮೇಲೆ ಮಣ್ಣು ಮುಚ್ಚಿದರು. ಸಾಮಾನ್ಯ ಕೊಳವೆಯಲ್ಲ ಅದು. ಉತ್ತರ ಸಮುದ್ರದ ಬಾವಿಗಳ ಅನಿಲ ಈಸಿಂಗ್ಟನ್ ಎಂಬಲ್ಲಿ ದಡ ಹತ್ತುತ್ತದೆ. 2006ರಿಂದೀಚೆಗೆ ನಾರ್ವೆಯ ಅನಿಲವೂ ನೂರಾರು ಕಿಲೋಮೀಟರ್ ಸಮುದ್ರದಡಿ ಬಂದು ಅಲ್ಲಿಯೇ ಮೇಲೇಳುತ್ತದೆ. ಅಲ್ಲಿಂದ ದಕ್ಷಿಣದ ಊರುಗಳ ಒಲೆಗೆ, ಬಾಯ್ಲರಿಗೆ, ವಿದ್ಯುತ್ ಸ್ಥಾವರಕ್ಕೆ ಹೋಗಬೇಕಾದರೆ ಹಂಬರ್ ದಾಟಬೇಕು. ದಿನಕ್ಕೆ ಏಳರಿಂದ ಹತ್ತು ಕೋಟಿ ಘನ ಮೀಟರ್ ಅನಿಲ ಸಾಗಿಸಬಲ್ಲ ದಾರಿ ಅದು, 70 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ. ಅಡುಗೆಮನೆಯಲ್ಲಿ ನಮ್ಮನ್ನು ಎಚ್ಚರಿಸುವ ಆ ಕೊಳೆತ ವಾಸನೆಯೂ ಅದಕ್ಕಿರುವುದಿಲ್ಲ. ಬ್ರಿಟನ್ನಿನಲ್ಲಿ ವಾಸನೆ ಬೆರೆಸುವುದು ಊರಿನ ಜಾಲಕ್ಕೆ ಅನಿಲ ಇಳಿಯುವಾಗ ಮಾತ್ರ.

ಮೂವತ್ತು ವರ್ಷ ಉಕ್ಕಿನ ಕೊಳವೆಗೆ ದೊಡ್ಡ ವಯಸ್ಸೇನಲ್ಲ. ಅದಕ್ಕೆ ಹೊದಿಸಿದ ಮಣ್ಣು ಅಷ್ಟು ಕಾಲ ಬಾಳಲಿಲ್ಲ. ಹರಿವು ತನ್ನ ದಾರಿ ಬದಲಿಸುತ್ತಾ ಬದಲಿಸುತ್ತಾ ಕೊಳವೆಯ ಮೇಲಿನ ಹೂಳನ್ನು ಕೊರೆಯಿತು. ಹೀಗೆ ಬೆತ್ತಲಾದ ಕೊಳವೆಗೆ ಅಪಾಯ ಒಂದಲ್ಲ. ಅಡಿಯ ಮಣ್ಣೂ ಕೊಚ್ಚಿಹೋದರೆ ಅದು ಆಸರೆಯಿಲ್ಲದೆ ತೂಗುತ್ತದೆ. ಸುತ್ತ ಸುಳಿಯೆದ್ದು ಕೊಳವೆ ಕಂಪಿಸುತ್ತದೆ. ವರ್ಷಗಟ್ಟಲೆ ಕಂಪಿಸಿದ ಬೆಸುಗೆ ದಣಿಯುತ್ತದೆ. ಇವೆಲ್ಲದರ ಜೊತೆಗೆ ಹಡಗಿನ ಲಂಗರು ಬೇರೆ.

ಮೊದಮೊದಲು ತೇಪೆ ಹಾಕಿ ನೋಡಿದರು. ಜಲ್ಲಿ ತುಂಬಿದ ಚೀಲಗಳನ್ನು ಇಳಿಸಿದರು, ಕೃತಕ ಎಸಳಿನ ಹಾಸುಗಳನ್ನು ಹರಡಿದರು. ಈ ಹಾಸು ನೋಡಲು ವಿಚಿತ್ರ: ಭಾರದ ತಳಕ್ಕೆ ಹೊಲಿದ ಉದ್ದುದ್ದ ಪ್ಲಾಸ್ಟಿಕ್ ಪಟ್ಟಿಗಳು ನೀರಿನಲ್ಲಿ ನೆಟ್ಟಗೆ ಎದ್ದು ಜೊಂಡಿನ ಹಾಗೆ ಆಡುತ್ತಿರುತ್ತವೆ. ಅವುಗಳ ನಡುವೆ ನುಸುಳುವ ನೀರಿನ ವೇಗ ಕುಗ್ಗಿ, ಅದು ಹೊತ್ತು ತಂದ ಹೂಳು ಅಲ್ಲೇ ಕೂರುತ್ತದೆ. ಕದ್ದವನ ಕೈಯಿಂದಲೇ ಸಾಲ ತೀರಿಸಿಕೊಳ್ಳುವ ಜಾಣತನ. ಆದರೆ ಹಂಬರ್‌ನಂಥ ನದಿಯ ಜೊತೆ ಇಂಥ ವ್ಯವಹಾರ ಎಷ್ಟು ದಿನ ನಡೆದೀತು? ಒಂದು ಕಡೆ ಮುಚ್ಚಿದರೆ ಅದು ಪಕ್ಕದಲ್ಲಿ ಕೊರೆಯುತ್ತದೆ. ಕೊನೆಗೆ, ನದಿಗೆ ಎಟುಕದಷ್ಟು ಆಳಕ್ಕೆ ಇಳಿಯುವುದೇ ಸರಿ ಎಂದಾಯಿತು. 2016ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಗಾಕ್ಸ್‌ಹಿಲ್‌ನ ಹೊಲದಲ್ಲಿ ಆಳದ ಗುಂಡಿ ತೆಗೆದರು. 2018ರಲ್ಲಿ ಅಲ್ಲಿಂದ ಹೊರಟದ್ದು ಸುರಂಗ ಕೊರೆಯುವ ಯಂತ್ರ, ಹೆಸರು ಮೇರಿ. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ 1957ರಲ್ಲಿ ಫೆಲೋ ಆದ ಮೊದಲ ಹೆಂಗಸು ಮೇರಿ ಫರ್ಗುಸನ್ ಅವರ ನೆನಪಿಗೆ ಇಟ್ಟದ್ದು. ಯಂತ್ರದ ಮುಖದಲ್ಲಿ ತಿರುಗುವ ಹಲ್ಲಿನ ಚಕ್ರ, ಹಿಂದೆ ಸಾಲು ಸಾಲು ಬಂಡಿಗಳು. ಕೊರೆದ ಸೀಮೆಸುಣ್ಣದ ಕಲ್ಲು ಮತ್ತು ಜೇಡಿ ರಾಡಿಯಾಗಿ ಕೊಳವೆಯಲ್ಲಿ ಹಿಂದಕ್ಕೆ ಹರಿಯುತ್ತದೆ. ಯಂತ್ರ ತನ್ನ ಬೆನ್ನಿಗೇ ಕಾಂಕ್ರೀಟಿನ ಬಿಲ್ಲೆಗಳನ್ನು ಬಳೆಯಾಗಿ ಜೋಡಿಸಿ, ಆ ಬಳೆಯನ್ನೇ ಒದ್ದುಕೊಂಡು ಮುಂದೆ ಸರಿಯುತ್ತದೆ. ಮತ್ತೊಂದು ಬಳೆ, ಮತ್ತೊಂದು ಒದೆತ. ಮೂರೂವರೆ ಮೀಟರ್ ಚಿಲ್ಲರೆ ಅಗಲದ ದುಂಡು ಓಣಿಯಲ್ಲಿ ದೀಪದ ಸಾಲು, ಗಾಳಿ ಊದುವ ನಳಿಗೆ, ಕೆಲಸಗಾರರನ್ನೂ ಬಿಲ್ಲೆಗಳನ್ನೂ ಒಯ್ಯುವ ಪುಟ್ಟ ರೈಲು. ತಲೆಯ ಮೇಲೆ ಸುಮಾರು ಮೂವತ್ತು ಮೀಟರ್ ನೆಲ, ಅದರ ಮೇಲೆ ನದಿ, ಅದರ ಮೇಲೆ ಹಡಗು. ಮರುವರ್ಷ ಮೇರಿ ಪಾಲ್ ಕಡೆಯ ಗುಂಡಿಗೆ ಮೂತಿ ಹಾಕಿತು.

ಸುರಂಗ ಕೊರೆದ ಕಥೆ ಬೇರೆ ಕಡೆಯೂ ಸಿಗುತ್ತದೆ, ಬೆಂಗಳೂರಿನ ಮೆಟ್ರೋದವರನ್ನು ಕೇಳಿದರೂ ಹೇಳುತ್ತಾರೆ. ಹಂಬರ್‌ನ ನಿಜವಾದ ಸೋಜಿಗ ಆಮೇಲಿನದು. ಐದು ಕಿಲೋಮೀಟರ್ ಓಣಿಯೊಳಕ್ಕೆ ಅಷ್ಟೇ ಉದ್ದದ, ಒಂದು ಮೀಟರಿಗೂ ತುಸು ಅಗಲದ ಉಕ್ಕಿನ ಕೊಳವೆಯನ್ನು ಒಂದೇ ಸರವಾಗಿ ತೂರಿಸುವುದು ಹೇಗೆ? ಒಣಸುರಂಗದಲ್ಲಿ ಎಳೆದರೆ ಸಾವಿರಾರು ಟನ್ ಉಕ್ಕು ನೆಲಕ್ಕೆ ತಿಕ್ಕುತ್ತದೆ, ಮೈಮೇಲಿನ ಲೇಪ ಕಿತ್ತು ಬರುತ್ತದೆ. ಅದಕ್ಕೆ ಅವರು ಸುರಂಗದ ತುಂಬ ನೀರು ಬಿಟ್ಟರು. ನದಿಯ ಕಾಟ ತಪ್ಪಿಸಿಕೊಳ್ಳಲು ಕೋಟಿಗಟ್ಟಲೆ ಸುರಿದು ಕೊರೆದ ಸುರಂಗಕ್ಕೆ ತಾವಾಗಿಯೇ ನೀರು!

ಬಾವಿಯಲ್ಲಿ ಖಾಲಿ ಕೊಡವನ್ನು ಬೋರಲು ಹಾಕಿ ಅದುಮಿ ನೋಡಿದವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಈ ಗಾತ್ರದ ಟೊಳ್ಳು ಕೊಳವೆ ಒಂದೊಂದು ಮೀಟರಿಗೂ ಸುಮಾರು 900 ಕಿಲೋ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಷ್ಟೇ ಭಾರವನ್ನು ನೀರು ಹೊರುತ್ತದೆ. ಉಕ್ಕಿನ ತೂಕದ ಬಹುಪಾಲು ಮಾಯವಾಗಿ, ತಳ್ಳಲು ಬೇಕಾದ ಬಲ ಕೈಗೆಟುಕುವಷ್ಟಕ್ಕೆ ಇಳಿಯುತ್ತದೆ.

2020ರ ಬೇಸಿಗೆ. ಕೊರೊನಾದ ಕಾಲ, ಕೆಲಸದ ಜಾಗದಲ್ಲೂ ಅಂತರ. ಗಾಕ್ಸ್‌ಹಿಲ್‌ನ ಬಯಲಿನಲ್ಲಿ ತಲಾ 620 ಮೀಟರ್ ಉದ್ದದ ಎಂಟು ಕೊಳವೆಗಳು ಸಾಲಾಗಿ ಮಲಗಿದ್ದವು. ಮೊದಲನೆಯದನ್ನು ಉರುಳೆಗಳ ಮೇಲೆ ಸುರಂಗದ ಬಾಯಿಗೆ ತಂದು, ಹೈಡ್ರಾಲಿಕ್ ಯಂತ್ರದ ಹಿಡಿಗೆ ಒಪ್ಪಿಸಿದರು. ಯಂತ್ರ ಕೊಳವೆಯನ್ನು ಅವುಚಿ ಹಿಡಿದು ಮುಂದಕ್ಕೆ ನೂಕುತ್ತದೆ, ಹಿಡಿ ಬಿಟ್ಟು ಹಿಂದೆ ಬರುತ್ತದೆ, ಮತ್ತೆ ಹಿಡಿಯುತ್ತದೆ. ಬಾಲ ಇನ್ನೇನು ಒಳಗೆ ಸೇರಬೇಕು ಎನ್ನುವಾಗ ನಿಲುಗಡೆ. ಎರಡನೆಯ ಕೊಳವೆಯ ಮೂತಿಯನ್ನು ಅದಕ್ಕೆ ತಾಗಿಸಿ ವೆಲ್ಡರುಗಳು ಕೂರುತ್ತಾರೆ. ಮೊದಲು ಅಂಚುಗಳನ್ನು ಬಿಸಿ ಮಾಡಬೇಕು. ಬೇರಿನ ಎಳೆ, ಅದರ ಮೇಲೆ ತುಂಬುವ ಎಳೆಗಳು, ಕೊನೆಗೆ ಮೇಲ್ಮುಚ್ಚಳದ ಎಳೆ ಎಂದು ಪದರಪದರವಾಗಿ ಸುತ್ತ ಬೆಸೆಯಬೇಕು. ಪ್ರತಿ ಪದರಕ್ಕೂ ಕಿಟ್ಟ ಕೆರೆದು ಬ್ರಷ್ ಹಾಕಬೇಕು. ಆಮೇಲೆ ಪರೀಕ್ಷೆಯವರು ಬಂದು ಒಳಗೆ ಕೂದಲೆಳೆಯ ಬಿರುಕಾದರೂ ಇದೆಯೇ ಎಂದು ನೋಡುತ್ತಾರೆ. ಪಾಸಾದ ಮೇಲೆ ಲೇಪ. ಆಮೇಲೆ ಮತ್ತೆ ನೂಕು. ಎಂಟು ತುಂಡಿಗೆ ಇಂಥ ಏಳು ನಿಲುಗಡೆ. ಒಳಹೋದ ಬೆಸುಗೆಯಲ್ಲಿ ಹುಳುಕಿದ್ದರೆ ತಿದ್ದಲು ಅಲ್ಲಿಗೆ ಯಾರೂ ಹೋಗಲಾರರು ಎಂಬುದು ಬೆಸೆಯುವವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಈ ಕೆಲಸದಲ್ಲಿ ಅವಸರ ಕಾಣದಿರುವುದು ಅದಕ್ಕೇ.

ಜುಲೈಯಲ್ಲಿ ಕೊಳವೆಯ ತಲೆ ಪಾಲ್ ದಡದಲ್ಲಿ ಹೊರಬಂದಾಗ ಅದರ ಉದ್ದ 4,962 ಮೀಟರ್. ಹೈಡ್ರಾಲಿಕ್ ಬಲದಿಂದ ತೂರಿಸಿದ ಜಗತ್ತಿನ ಅತಿ ಉದ್ದದ ಕೊಳವೆ ಎಂದು ಗಿನ್ನೆಸ್‌ನವರು ದಾಖಲಿಸಿಕೊಂಡರು. ಅಲ್ಲಿಗೆ ಮುಗಿಯಲಿಲ್ಲ. ಕೊಳವೆಯೊಳಗೆ ನೀರು ತುಂಬಿ ಒತ್ತಡ ಏರಿಸಿ ನೋಡಬೇಕು, ಆ ನೀರನ್ನು ಹೊರದಬ್ಬಿ ಪಸೆ ಉಳಿಯದಂತೆ ಒಣಗಿಸಬೇಕು, ಎರಡೂ ದಡದ ಹಳೆಯ ಜಾಲಕ್ಕೆ ಕೂಡಿಸಬೇಕು. ವರ್ಷದ ಕೊನೆಯ ಹೊತ್ತಿಗೆ ಅನಿಲ ಹೊಸ ದಾರಿ ಹಿಡಿಯಿತು.

ಸರಿಸುಮಾರು ಅದೇ ದಿನಗಳಲ್ಲಿ ನಮ್ಮ ಕಡೆಯೂ ಒಂದು ಅನಿಲ ಕೊಳವೆ ನದಿ ದಾಟಲು ಹೆಣಗಿತ್ತು. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಮಾರ್ಗ ಕಡೆಗೆ ತಡೆದು ನಿಂತದ್ದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಳಿ. ನೂರಾರು ಕಿಲೋಮೀಟರ್ ನೆಲ ಬಿಟ್ಟುಕೊಟ್ಟರೂ ಒಂದು ಹೊಳೆ ಬಿಟ್ಟುಕೊಡಲು ತಕರಾರು ಮಾಡಿತು.

ಹಂಬರ್‌ನಲ್ಲಿ ಈಗ ನೋಡಲು ಏನೂ ಇಲ್ಲ. ಎರಡೂ ಕಡೆಯ ಹೊಲಗಳಲ್ಲಿ ಕೊಳವೆಯ ಗುರುತಿನ ಕಂಬಗಳಿವೆ. ಆಗಾಗ ಒಂದು ಹೆಲಿಕಾಪ್ಟರ್ ಆ ಕಂಬಗಳ ಜಾಡು ಹಿಡಿದು ಹಾರುತ್ತದೆ. ಅದರಲ್ಲಿ ಕೂತವರು ಕೆಳಗೆ ಹುಡುಕುವುದು ಕೇಳದೆ ಗುಂಡಿ ತೋಡಲು ಬಂದ ಜೆಸಿಬಿಗಳನ್ನು. ನದಿಯಿಂದ ಪಾರಾದ ಕೊಳವೆ ದಡ ಹತ್ತಿದ ಮೇಲೆ ಅವುಗಳಿಂದ ಪಾರಾಗಬೇಕಲ್ಲ.