ದಟ್ಟ ಕಾಡಿಗೆ ಗಿಡ್ಡ ತೋಟಾ

ರೈಫಲ್ಲಿನ ತೋಟಾದಲ್ಲಿ ನಾಲ್ಕು ವಸ್ತುಗಳಿವೆ: ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಕೂರಿಸಿದ ಕೇಪು, ಒಳಗೆ ತುಂಬಿದ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಟ್ರಿಗರ್ ಎಳೆದಾಗ ಮೊಳೆಯೊಂದು ಕೇಪನ್ನು ಕುಟ್ಟುತ್ತದೆ. ಕೇಪಿನ ಕಿಡಿ ಮದ್ದಿಗೆ ಹತ್ತುತ್ತದೆ. ಮದ್ದು ಅನಿಲವಾಗಿ ಗುಂಡನ್ನು ನಳಿಕೆಯೊಳಗೆ ನೂಕುತ್ತದೆ. ಆ ಗಳಿಗೆಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 4,000 ಪಟ್ಟು. ಅಂಥ ಅನಿಲ ಹಿಂದಕ್ಕೆ ಹಾಯ್ದು ಈಡುಗಾರನ ಮುಖಕ್ಕೆ ಬಡಿಯದಂತೆ ಕಾಯುವುದು ತೆಳ್ಳನೆಯ ಹಿತ್ತಾಳೆ. ಅದು ಉಬ್ಬಿ ಕೋವಿಯ ಗೋಡೆಗೆ ಬಿರಡೆಯಂತೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಕೂಡಲೇ ಕುಗ್ಗಿ, ಎಳೆದರೆ ಹೊರಬರುವಷ್ಟು ಸಡಿಲಾಗುತ್ತದೆ. ಕಬ್ಬಿಣವಾಗಲಿ ತಾಮ್ರವಾಗಲಿ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಲಾರದು.

ತೋಟಾದ ಉದ್ದವೇ ಕೋವಿಯ ಯಂತ್ರದ ಉದ್ದವನ್ನು ನಿರ್ಧರಿಸುತ್ತದೆ. ಒಂದು ಈಡಾದ ಮೇಲೆ ಬೋಲ್ಟನ್ನು ಹಿಂದಕ್ಕೆಳೆದು ಖಾಲಿ ಕೊಳವೆಯನ್ನು ಹೊರಗೆಸೆದು, ಮತ್ತೆ ಮುಂದೂಡಿ ಹೊಸ ತೋಟಾ ಕೂರಿಸಬೇಕು. ತೋಟಾ ಎಷ್ಟು ಉದ್ದವೋ ಬೋಲ್ಟು ಅಷ್ಟಾದರೂ ಹಿಂದೆ ಸರಿಯಬೇಕು. ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ .30-06 ತೋಟಾದ ಒಟ್ಟು ಉದ್ದ ಸುಮಾರು 85 ಮಿ.ಮೀ. ವಿಂಚೆಸ್ಟರ್ ಕಂಪನಿ 1952ರಲ್ಲಿ ಮಾರುಕಟ್ಟೆಗೆ ಬಿಟ್ಟ .308ರದು 71 ಮಿ.ಮೀ. ಅಷ್ಟರೊಳಗೆ ಮದ್ದಿನ ರಸಾಯನ ಸುಧಾರಿಸಿದ್ದರಿಂದ ಗಿಡ್ಡ ಕೊಳವೆಯೇ ಹೆಚ್ಚುಕಡಿಮೆ ಅದೇ ವೇಗ ಕೊಟ್ಟಿತು: 9.7 ಗ್ರಾಮಿನ ಗುಂಡಿಗೆ ಹಳೆಯದರಲ್ಲಿ ಸೆಕೆಂಡಿಗೆ ಸುಮಾರು 885 ಮೀಟರ್, ಹೊಸದರಲ್ಲಿ 860. ಉಳಿದ 14 ಮಿ.ಮೀ. ಕಾಗದದ ಮೇಲೆ ಅಲ್ಪವೆನಿಸುತ್ತದೆ. ಕೋವಿಯಲ್ಲಿ ಅದು ಗಿಡ್ಡ ಬೋಲ್ಟು, ಗಿಡ್ಡ ಪೆಟ್ಟಿಗೆ, ಕಡಿಮೆ ತೂಕ. ಈ ಬಗೆಯ ಯಂತ್ರಕ್ಕೇ ಶಾರ್ಟ್ ಆ್ಯಕ್ಷನ್ ಎಂಬ ಹೆಸರು. .308ರ ಕೊಳವೆಯ ಬಾಯನ್ನೇ ಹಿಗ್ಗಿಸಿ ಕುಗ್ಗಿಸಿ 1955ರಲ್ಲಿ .243 ಮತ್ತು .358 ಬಂದವು, 1980ರಲ್ಲಿ 7 ಮಿ.ಮೀ.-08.

ಗಿಡ್ಡ ತೋಟಾದ ಬೆಲೆ ತಿಳಿಯುವುದು ಕಾಡಿನಲ್ಲಿ. ಹಾನಗಲ್ಲ ಸೀಮೆಯ ಅಕ್ಕಿಆಲೂರಿನಿಂದ ಪಡುವಣಕ್ಕೆ, ಮುಂಡಗೋಡ ಶಿರಸಿಗಳ ದಿಕ್ಕಿಗೆ ಹೊರಟರೆ ಭತ್ತದ ಗದ್ದೆಗಳು ಮುಗಿದು ತೇಗ, ಬಿದಿರು, ಲಂಟಾನದ ಪೊದೆ ಶುರುವಾಗುತ್ತವೆ. ಮಳೆಗಾಲ ಕಳೆದ ಹೊಸತರಲ್ಲಿ ಅಲ್ಲಿ ಐವತ್ತು ಹೆಜ್ಜೆಯ ಆಚೆ ಕಾಣುವುದೇ ಅಪರೂಪ. ಹಂದಿ ಕಂಡರೆ ಹತ್ತಿರದಲ್ಲೇ ಕಾಣುತ್ತದೆ, ಮರುಕ್ಷಣ ಮರೆಯಾಗುತ್ತದೆ. ಐನೂರು ಮೀಟರು ನೇರವಾಗಿ ಹೋಗುವ ಗುಂಡಿನಿಂದ ಇಲ್ಲಿ ಪ್ರಯೋಜನವಿಲ್ಲ. ಬಳ್ಳಿಗೆ ಸಿಕ್ಕದ ಗಿಡ್ಡ ನಳಿಕೆ, ಬೇಗ ಹೆಗಲಿಗೆ ಬರುವ ಹಗುರ ಕೋವಿ, ಹತ್ತಿರದಲ್ಲಿ ಒಂದೇ ಈಡಿಗೆ ಕೆಡವುವ ಭಾರದ ಗುಂಡು, ಕಾಡಿಗೆ ಬೇಕಾದ ಗುಣಗಳಿವು.

ಭಾರದ ಗುಂಡು ಕಡ್ಡಿಕಸವನ್ನು ಸೀಳಿಕೊಂಡು ನೇರ ಹೋಗುತ್ತದೆಂಬ ನಂಬಿಕೆ ಈಡುಗಾರರಲ್ಲಿ ಹಳೆಯದು. ಅದು ಸುಳ್ಳು, ಅಪಾಯಕಾರಿ ಸುಳ್ಳು. .308ರ ಗುಂಡು ನಳಿಕೆಯ ಸುರುಳಿಗೀರುಗಳಿಂದಾಗಿ ಸೆಕೆಂಡಿಗೆ ಸುಮಾರು 2,800 ಸುತ್ತು ತಿರುಗುತ್ತ ಹೊರಬೀಳುತ್ತದೆ. ಬುಗುರಿಯ ಹಾಗೆ, ಆ ತಿರುಗಣೆಯೇ ಅದನ್ನು ನೆಟ್ಟಗೆ ಹಿಡಿದಿರುತ್ತದೆ. ಬೆರಳುಗಾತ್ರದ ಕಡ್ಡಿ ಓರೆಯಾಗಿ ತಗುಲಿದರೂ ಬುಗುರಿ ತೂಗಾಡುತ್ತದೆ. ಒಂದೇ ಒಂದು ಡಿಗ್ರಿ ಓರೆಯಾಯಿತೆನ್ನೋಣ. ಕಡ್ಡಿಯಿಂದ ಪ್ರಾಣಿ ಮೂರು ಮೀಟರು ದೂರದಲ್ಲಿದ್ದರೆ ಗುಂಡು ಐದು ಸೆಂಟಿಮೀಟರು ಸರಿಯುತ್ತದೆ, ಅಷ್ಟೆ. ಮೂವತ್ತು ಮೀಟರು ದೂರದಲ್ಲಿದ್ದರೆ ಅರ್ಧ ಮೀಟರಿಗೂ ಹೆಚ್ಚು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ, ಗಾಯಗೊಂಡ ಹಂದಿ ಪೊದೆಯೊಳಗೆ ನರಳುತ್ತ ಸಾಯುತ್ತದೆ, ಇಲ್ಲವೇ ಹುಡುಕಿ ಬಂದವನ ಮೇಲೆ ಹಾಯುತ್ತದೆ. ದಪ್ಪ ನಿಧಾನ ಗುಂಡು ಕೊಂಚ ಕಡಿಮೆ ಅಲುಗೀತು, ಆದರೆ ಅಲುಗದ ಗುಂಡಿಲ್ಲ. ಕಡ್ಡಿಯಿಲ್ಲದ ಕಿಂಡಿ ಸಿಗುವ ತನಕ ಕಾಯುವುದೊಂದೇ ದಾರಿ.

ಗುಂಡಿನ ರಚನೆಯೂ ಅಷ್ಟೇ ಮುಖ್ಯ. ಇಡೀ ಮೈಗೆ ತಾಮ್ರದ ಕವಚವಿರುವ ಸೈನಿಕ ಗುಂಡು ತೂತು ಮಾಡಿ ದಾಟಿಹೋಗುತ್ತದೆ. ತುದಿಯಲ್ಲಿ ಸೀಸ ಬಿಟ್ಟ ಬೇಟೆಯ ಗುಂಡು ಒಳಹೊಕ್ಕೊಡನೆ ಅಣಬೆಯಂತೆ ಅರಳಿ ಶಕ್ತಿಯನ್ನು ಅಲ್ಲೇ ಸುರಿಯುತ್ತದೆ. ಅರಳುವ ಗುಂಡಿಗೆ ಹೆಸರು ತಂದುಕೊಟ್ಟದ್ದು ಕೋಲ್ಕತ್ತದ ಬಳಿಯ ಡಂಡಂ ಕಾರ್ಖಾನೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು.

ಕನ್ನಡ ಓದುಗರಿಗೆ ಪರಿಚಯವಿರುವ ಕಾಡಿನ ರೈಫಲ್ ಕೆನೆತ್ ಆಂಡರ್ಸನ್ನರದು. ಬೆಂಗಳೂರಿನ ಆಂಡರ್ಸನ್ (1910–1974) ಬರೆದ ನರಭಕ್ಷಕಗಳ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಆಗಿ ಕನ್ನಡಕ್ಕೆ ತಂದರು. ಆಂಡರ್ಸನ್ ಕೈಯಲ್ಲಿದ್ದದ್ದು 1904ರಲ್ಲಿ ಬಂದ .405 ವಿಂಚೆಸ್ಟರ್ ತೋಟಾದ ಕೋವಿ. ಅದರಲ್ಲಿ ಬೋಲ್ಟಿನ ಬದಲು ಸನ್ನೆ. 19 ಗ್ರಾಮಿಗೂ ಮೀರಿದ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. ದೂರಕ್ಕೆ ಅದು ಬೇಗ ಕೆಳಗಿಳಿಯುತ್ತದೆ. ಇಪ್ಪತ್ತು ಮೀಟರಿನಲ್ಲಿ ಮೈಮೇಲೆರಗುವ ಹುಲಿಗೆ ಹೇಳಿಮಾಡಿಸಿದಂತಿದೆ. ಆದರೆ ತೋಟಾ ಗಿಡ್ಡವೇನಲ್ಲ, 80 ಮಿ.ಮೀ.ಗೂ ಹೆಚ್ಚು.

ಭಾರತದ್ದೇ ಆದ ಉತ್ತರವೊಂದಿದೆ, ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಬ್ರಿಟಿಷ್ ಆಡಳಿತ ಸೈನ್ಯದ .303 ತೋಟಾ ಖಾಸಗಿಯವರ ಕೈಸೇರಲು ಒಪ್ಪದಿದ್ದಾಗ, ಸೈನ್ಯದ ಅದೇ ಲೀ-ಎನ್‌ಫೀಲ್ಡ್ ಕೋವಿಗೆ ಆಸ್ಟ್ರಿಯಾದ ಮ್ಯಾನ್‌ಲಿಕರ್ ತೋಟಾ ಹೊಂದಿಸಲಾಯಿತು. ಅದೇ .315, ಮುಂದೆ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಯಿತು. ಕೊಳವೆಯ ಉದ್ದ 50 ಮಿ.ಮೀ., .308ರದಕ್ಕಿಂತ ಒಂದು ಮಿ.ಮೀ. ಕಡಿಮೆ. ಗುಂಡಿನ ತೂಕ ಸುಮಾರು 16 ಗ್ರಾಂ, ವೇಗ ಸಾಧಾರಣ. ಕಾನೂನಿನ ಇಕ್ಕಟ್ಟಿನಿಂದ ಇಲ್ಲಿಗೆ ಬಂದ ಈ ತೋಟಾ ದಟ್ಟ ಕಾಡಿಗೆ ಬೇಕಾದದ್ದೇ ಆಗಿಬಿಟ್ಟಿತು. ಸೈನ್ಯದ .303 ಮತ್ತು 7.62 ಮಿ.ಮೀ. ಇಂದಿಗೂ ಖಾಸಗಿಯವರಿಗೆ ನಿಷೇಧಿತ ಬೋರ್.

ಹಾನಗಲ್ಲ ಸೀಮೆಯ ರೈತನ ಬಳಿ ಇರುವುದು ಬಹುಮಟ್ಟಿಗೆ ಕೇಪಿನ ಕೋವಿ, ಉಳ್ಳವರಲ್ಲಿ 12 ಬೋರಿನ ತೋಟಾ ಕೋವಿ. ಕೇಪಿನ ಕೋವಿಗೆ ಕೊಳವೆಯೇ ಇಲ್ಲ: ನಳಿಕೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ ಗಜದಿಂದ ಜಡಿದು, ಮೇಲೆ ಚರೆ ಹಾಕಿ ಮತ್ತೆ ನಾರು ಜಡಿಯಬೇಕು. ಎರಡನೆಯ ಈಡಿಗೆ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆ ಇಂಥ ಕೋವಿಯ ಲೈಸೆನ್ಸಿಗೆ ದಾರಿಯಿಟ್ಟಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ. ಕೋವಿಗೆ ಲೈಸೆನ್ಸು ಸಿಕ್ಕಿತೆಂದರೆ ಬೇಟೆಗೆ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲೂ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು.

ಅಪ್ಪಣೆಯಿದ್ದರೂ ಗೋವಿನಜೋಳದ ಹೊಲದಂಚಿನಲ್ಲಿ ಆಯ್ಕೆ ಬದಲಾಗುತ್ತದೆ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ಹಂದಿಯ ಹಿಂದೆ ಏರಿ ಅಥವಾ ಮಣ್ಣಿನ ದಿಣ್ಣೆ ಇಲ್ಲದಿದ್ದರೆ ಮುಂದಿನ ಹೊಲದ ಅಟ್ಟಣೆಯಲ್ಲಿ ಕಾವಲು ಕೂತವನೇ ಅದಕ್ಕೆ ಅಡ್ಡ. 12 ಬೋರಿನ ಎಲ್‌ಜಿ ತೋಟಾದ ಬಟಾಣಿಗಾತ್ರದ ಚರೆಗಳು ನಲವತ್ತು ಗಜದೊಳಗೆ ಮಾತ್ರ ಕೆಲಸಕ್ಕೆ ಬರುತ್ತವೆ, ಆಮೇಲೆ ಚದುರಿ ಬೇಗ ಬಲ ಕಳೆದುಕೊಳ್ಳುತ್ತವೆ. ಊರ ಮಗ್ಗುಲಿನ ಹೊಲಕ್ಕೆ ಅದೇ ಸರಿ; .315ರ ಜಾಗ ಹೊಲಗಳಾಚೆಯ ಕಾಡು.